ಮೋಲ್ಡ್ ಬೇಡ ಅಂದೆ, ಚೌಳು ಮಣ್ಣಲ್ಲೇ ಮಾಳಿಗೆ ನಿಲ್ಲಿಸಿದೆ

ಹಿರಿಯೂರು ಸೀಮೆಯ ನಮ್ಮ ಮಾಳಿಗೆ ಮನೆ, ಅಂದರೆ ಮರದ ತೊಲೆಗಳ ಮೇಲೆ ಮಣ್ಣು ಹಾಸಿದ ಮಟ್ಟಸ ಸೂರಿನ ಮನೆ, ಈಗ ಸೋರುವುದಿಲ್ಲ. ಮೇಲೆ ಹಾಸಿದ್ದು ಚೌಳು, ಬೆಳೆ ಬಾರದ ಕ್ಷಾರದ ಮಣ್ಣು. 2022ರಲ್ಲಿ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿತ್ತಲ್ಲ, ಆ ವರ್ಷದ ಮಳೆಗೂ ಪಡಸಾಲೆಯಲ್ಲಿ ಒಂದು ಪಾತ್ರೆ ಇಡಲಿಲ್ಲ. ನಮ್ಮ ಬೀದಿಯ ಎರಡು ಮೋಲ್ಡ್ (ಕಾಂಕ್ರೀಟ್ ತಾರಸಿ) ಮನೆಗಳ ಮೂಲೆ ಒದ್ದೆಯಾಗಿತ್ತು. ಇದನ್ನು ಹೇಳಿಕೊಳ್ಳದೆ ಹೇಗಿರಲಿ!

ಶುರುವಿನಲ್ಲಿ ಎಲ್ಲರದ್ದೂ ಒಂದೇ ಮಾತು, ಕೆಡವಿ ಮೋಲ್ಡ್ ಹಾಕಿಸು ಅಂತ. ನಮ್ಮಣ್ಣನಂತೂ "ಊರೆಲ್ಲಾ ಮಣ್ಣು ಇಳಿಸ್ತಾ ಇದ್ರೆ ನೀನು ಏರಿಸ್ತೀನಿ ಅಂತೀಯಲ್ಲೋ" ಅಂದ. ಇಪ್ಪತ್ತಕ್ಕೆ ಮೂವತ್ತು ಅಡಿ ಮನೆ. ಕಂಬ ಎಬ್ಬಿಸಿ ಮೋಲ್ಡ್ ಹಾಕೋಕೆ ಒಂಬತ್ತು, ಹತ್ತು ಲಕ್ಷ ಹೇಳಿದರು. ಅಷ್ಟು ದುಡ್ಡು ಇದ್ದಿದ್ದರೆ ಬೋರ್ ಹಾಕಿಸುತ್ತಿದ್ದೆ.

ಸೋರಿಕೆ ನಿಲ್ಲಿಸೋಕೆ ಅಂತ ಮೊದಲೇ ಬೇಕಾದಷ್ಟು ಕಳೆದಿದ್ದೆ. ಟಾರ್ಪಾಲು ಹೊದಿಸಿದರೆ ಕೋತಿಗಳು ಒಂದೇ ವಾರಕ್ಕೆ ಚಿಂದಿ ಮಾಡಿದವು. ಆಮೇಲೆ ಗಾರೆಯವರು ಹೇಳಿದರು ಅಂತ ಮಣ್ಣಿನ ಮೇಲೆ ಸಿಮೆಂಟು ಎಳೆಸಿದೆ, ಹದಿನೆಂಟು ಸಾವಿರದ ಹತ್ತಿರ ಆಯಿತು. ಮೊದಲ ಬೇಸಿಗೆಗೇ ಬಿರುಕು. ಬಿರುಕಲ್ಲಿ ಇಳಿದ ನೀರು ಮೇಲಕ್ಕೆ ಆರೋಕೆ ದಾರಿ ಇಲ್ಲ, ಒಳಗೇ ಕೂತು, ಮಣ್ಣು ಹೊರುವ ಅಡ್ಡ ಮರಗಳ, ಅಂದರೆ ಜಂತೆಗಳ, ತುದಿ ಕೊಳೆಸಿತು. ಮುಂದಿನ ವರ್ಷ ಮಣ್ಣಿನ ಕೆಳಗೆ ಪ್ಲಾಸ್ಟಿಕ್ ಹಾಸಿದ್ದಾಯಿತು. ಅದರ ಮೇಲೆ ಮಣ್ಣು ನಿಲ್ಲಲೇ ಇಲ್ಲ. ಜೋರು ಮಳೆಗೆ, ನೀರು ಹೊರಗೆ ಬೀಳೋ ದೋಣಿಯ ಕಡೆ ಜಾರಿ ಅಂಗಳಕ್ಕೆ ಬಿತ್ತು.

ಕೊನೆಗೆ ಮಾಳಿಗೆ ಪೂರ್ತಿ ಬಿಚ್ಚಿದೆ. ಆಗ ಗೊತ್ತಾಗಿದ್ದು ಅಸಲು ರೋಗ. ತಾತನ ಕಾಲದಿಂದ ವರ್ಷಾ ವರ್ಷ ಹಳೇದರ ಮೇಲೇ ಹೊಸ ಮಣ್ಣು ಹಾಕಿ ಹಾಕಿ ಒಂದೂಕಾಲು ಅಡಿ ದಪ್ಪ ಆಗಿತ್ತು. ಒಂದಡಿ ದಪ್ಪ ಮಣ್ಣು ಅಂದರೆ ಚದರಡಿಗೆ 45 ಕೆಜಿ ಹತ್ತಿರ ಭಾರ. ತೊಲೆ ಬಾಗದೆ ಇನ್ನೇನು? ತೊಲೆ ಬಾಗಿದ ಕಡೆ ನೀರು ನಿಲ್ಲುತ್ತೆ, ನಿಂತ ಕಡೆ ಸೋರುತ್ತೆ. ಏಳೆಂಟು ಟ್ರಾಕ್ಟರ್ ಮಣ್ಣು ಇಳಿಸಿದೆವು.

ಜಂತೆಯಲ್ಲಿ ಮೂರಲ್ಲಿ ಒಂದು ಪಾಲು ಬದಲಾಯಿಸಿದೆ. ಹೊಸದು ಕೊಳ್ಳಲಿಲ್ಲ. ಪಕ್ಕದೂರಲ್ಲಿ ಕೆಡವಿದ ಮನೆಯದ್ದು ಅಗ್ಗಕ್ಕೆ ಸಿಕ್ಕಿತು. ಮೇಲೆ ದಬ್ಬೆ (ಸೀಳಿದ ಪಟ್ಟಿ), ಅದರ ಮೇಲೆ ಬೇವಿನ ಸೊಪ್ಪು, ಲಕ್ಕಿ ಸೊಪ್ಪು, ಆಮೇಲೆ ಹುಲ್ಲು ಬೆರೆಸಿ ತುಳಿದ ಮಣ್ಣು ಮೂರಿಂಚು. ಅದರ ಮೇಲೆ ಮೂರು ಬೆರಳು ಚೌಳು, ಅಷ್ಟೇ. ಇಪ್ಪತ್ತು ಅಡಿಗೆ ನಾಲ್ಕಿಂಚು ವಾಟ (ಇಳಿಜಾರು) ಕೊಟ್ಟೆ. ಎಲ್ಲಾ ಗುಟ್ಟು ಈ ವಾಟದಲ್ಲೇ ಇದೆ. ಮೇಸ್ತ್ರಿ "ಸಾಕು ಬಿಡಿ" ಅಂದರೂ ದಾರ ಕಟ್ಟಿ ನೋಡದೆ ಬಿಡಬೇಡಿ. ಚೌಳನ್ನು ಪುಡಿ ಮಾಡಿ, ಒಣಗಿದ್ದಂಗೇ ಮುಂಗಾರಿಗೆ ಮುಂಚೆ ಹರಡಬೇಕು. ಮೊದಲ ಹನಿ ಬಿದ್ದ ಮೇಲೆ ಬಡಿಯೋದು. ಬಡಿಯುವಾಗ ನಾನು ಒಂದು ನೀರು ಚಿಮುಕಿಸುತ್ತೇನೆ. ಅದರಲ್ಲಿ ಏನಿದೆ ಅಂತ ಸದ್ಯಕ್ಕೆ ಹೇಳಲ್ಲ.

ಚೌಳಿಗೆ ಸುಣ್ಣ ಬೆರೆಸಿದರೆ ಇನ್ನೂ ಗಟ್ಟಿ ಅಂತ ಹಲವರು ಹೇಳಿದರು. ನಂಬಿಕೆ ಬರಲಿಲ್ಲ. ತಳಕ್ಕೆ ತೂತು ಹೊಡೆದ ಎಣ್ಣೆ ಡಬ್ಬಿಗಳಿಗೆ ನಾಲ್ಕು ಬೆರಳು ಮಣ್ಣು ಬಡಿದು ಮೇಲೆ ನೀರು ನಿಲ್ಲಿಸಿದೆ. ಕೆಂಪು ಮಣ್ಣಿನ ಡಬ್ಬಿ ಬೇಗ ಖಾಲಿ. ಸುಣ್ಣ ಬೆರೆಸಿದ್ದು ಸಂಜೆ ಹೊತ್ತಿಗೆ ಖಾಲಿ. ಬರೀ ಚೌಳಿನದ್ದರಲ್ಲಿ ಮಾರನೇ ಬೆಳಿಗ್ಗೆಯೂ ನೀರು ಹಾಗೇ ಇತ್ತು, ಕೆಳಗೆ ಬರೀ ತೇವ. ಯೋಚನೆ ಮಾಡಿ, ಚೌಳು ಹೊಲದಲ್ಲಿ ನೀರು ಇಂಗಲಿ ಅಂತಲೇ ತಾನೇ ಜಿಪ್ಸಮ್ ಹಾಕೋದು? ಜಿಪ್ಸಮ್ಮಿನಲ್ಲಿರೋ ಕ್ಯಾಲ್ಸಿಯಂ ಸುಣ್ಣದಲ್ಲೂ ಇದೆ. ಹೊಲಕ್ಕೆ ಒಳ್ಳೇದಾಗಿದ್ದು ಮಾಳಿಗೆಗೆ ಕೇಡು.

ಒಟ್ಟು ಖರ್ಚು ತೊಂಬತ್ತು ಸಾವಿರ ಇರಬಹುದು. ಅದರಲ್ಲಿ ಮುಕ್ಕಾಲು ಕೂಲಿಗೇ ಹೋಯಿತು. ಚೌಳಿಗೆ ಕಾಸಿಲ್ಲ, ಟ್ರಾಕ್ಟರ್ ಬಾಡಿಗೆ ಮಾತ್ರ.

ನಾನು ಚಿತ್ರದುರ್ಗದಲ್ಲಿ ಬಾಡಿಗೆಗೆ ಮೋಲ್ಡ್ ಮನೆಯಲ್ಲೂ ಇದ್ದೆ, ಅದಕ್ಕೂ ಮುಂಚೆ ಶೀಟ್ ಮನೆಯಲ್ಲೂ. ನಮ್ಮಜ್ಜಿ ಮನೆ ಮಂಗಳೂರು ಹಂಚಿನದ್ದು. ಹಂಚು ಪರವಾಗಿಲ್ಲ, ಆದರೆ ಅದರ ಮೇಲೆ ಸಂಡಿಗೆ ಒಣಗಿಸೋಕಾಗಲ್ಲ, ಮಲಗೋಕೂ ಆಗಲ್ಲ. ಏಪ್ರಿಲ್ ಮಧ್ಯಾಹ್ನ ಒಂದು ಥರ್ಮಾಮೀಟರ್ ಹಿಡಿದು ಓಡಾಡಿದೆ. ಹೊರಗೆ 38, ಪಕ್ಕದ ಶೀಟ್ ಮನೆಯೊಳಗೆ 40 ದಾಟಿತ್ತು, ನಮ್ಮ ಪಡಸಾಲೆಯಲ್ಲಿ 30-31. ಊಟ ಆದ ಮೇಲೆ ಬರಿ ನೆಲದ ಮೇಲೆ ಹಾಗೇ ಒರಗಬೇಕು ಅನ್ನಿಸಿದರೆ ಅದು ಮನೆ, ನನ್ನ ಲೆಕ್ಕ ಅಷ್ಟೇ. ಶೀಟ್ ಮನೆಯಲ್ಲಿದ್ದಾಗ ಮಧ್ಯಾಹ್ನ ಎಲ್ಲರೂ ಬೇವಿನ ಮರದ ಕೆಳಗೇ ಇರುತ್ತಿದ್ದೆವು.

ಬೆಳಕಿಂಡಿ ಮಾತ್ರ ಇನ್ನೂ ಕಾಡುತ್ತಿದೆ. ಗಾಜು ಕೂರಿಸಿದರೆ ಅಂಚಲ್ಲಿ ಜಿನುಗುತ್ತೆ. ಈಗ ಸುತ್ತ ಒಂದು ಗೇಣು ಕಟ್ಟೆ ಎತ್ತಿ, ಮಳೆ ಬಂದಾಗ ಕಡಪ ಕಲ್ಲು ಮುಚ್ಚುತ್ತೇವೆ. ಮಳೆಗಾಲದಲ್ಲಿ ಮಾಳಿಗೆ ಮೇಲೆ ಹುಲ್ಲು ಹುಟ್ಟಿದ ಕೂಡಲೇ ಕೀಳಬೇಕು, ಬೇರು ಇಳಿದರೆ ಅದೇ ನೀರಿಗೆ ದಾರಿ. ಈ ಬೇಸಿಗೆ ದನದ ಕೊಟ್ಟಿಗೆ ಬಿಚ್ಚುತ್ತಿದ್ದೇನೆ, ಅದಕ್ಕೆ ಹಳೇ ಜಂತೆ ಹುಡುಕುತ್ತಿದ್ದೇನೆ. ನೀವೂ ಹಳೇದು ಕೊಳ್ಳೋದಾದರೆ ಗೋಡೆಯೊಳಗಿದ್ದ ತುದಿ ಕುಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಬಿಟ್ಟಿ ಕೊಟ್ಟರೂ ತರಬೇಡಿ.