ಕಾಲೇಜು ಬಾಸ್ಕೆಟ್‌ಬಾಲ್ ತಂಡಕ್ಕೆ ಆಟಗಾರರನ್ನು ಆರಿಸುವ ಬಗೆ

ಪಿಯು ಫಲಿತಾಂಶ ಬಂದ ಮೇಲೆ ಒಂದೇ ದಿನದ ಟ್ರಯಲ್ಸ್ ನಡೆಸಿ ಕ್ರೀಡಾ ಕೋಟಾದ ಸೀಟು ತುಂಬಿಸಿದರೆ, ಆಟಗಾರರ ಎತ್ತರ, ಓಟ ಮತ್ತು ಗುರಿಗಿಂತ ಹೆಚ್ಚಿನದೇನೂ ನಮಗೆ ತಿಳಿಯುವುದಿಲ್ಲ. ವರ್ಷಗಟ್ಟಲೆ ತಂಡದೊಂದಿಗೆ ಇರಬೇಕಾದವರನ್ನು ಗುರುತಿಸುವ ಕೆಲಸ ಹಿಂದಿನ ವರ್ಷದ ಪಿಯು ಪಂದ್ಯಾವಳಿಗಳಲ್ಲೇ ಆರಂಭವಾಗಬೇಕು. ಜೂನ್ ಹೊತ್ತಿಗೆ ಮಂಗಳೂರು, ಉಡುಪಿಯಲ್ಲಿ ಮಳೆ ಹಿಡಿದು ಬಯಲಿನ ಕಾಂಕ್ರೀಟ್ ಕೋರ್ಟುಗಳು ಪಾಚಿಗಟ್ಟಿ ಜಾರುವುದರಿಂದ, ಆಗ ನೋಡಿದ ಆಟವನ್ನು ನೆಚ್ಚಿಕೊಳ್ಳುವಂತೆಯೂ ಇಲ್ಲ.

ಪಂದ್ಯ ನೋಡುವಾಗ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. 40 ನಿಮಿಷಗಳ ಪಂದ್ಯದಲ್ಲಿ ಚೆಂಡು ಒಬ್ಬರ ಕೈಯಲ್ಲಿರುವುದು ಸ್ವಲ್ಪವೇ ಹೊತ್ತು. ಲೇಅಪ್ (ಬುಟ್ಟಿಯ ಬಳಿಗೆ ಓಡಿ ಬಂದು ಹತ್ತಿರದಿಂದ ಚೆಂಡು ಹಾಕುವುದು) ತಪ್ಪಿದ ಕೂಡಲೇ ಹುಡುಗ ರೆಫರಿಯತ್ತ ಕೈಚಾಚಿ ನಿಲ್ಲುತ್ತಾನೋ, ತಿರುಗಿ ಓಡಿ ಎದುರಾಳಿಗೆ ಅಡ್ಡ ನಿಲ್ಲುತ್ತಾನೋ ಎಂಬುದನ್ನು ಬರೆದಿಟ್ಟುಕೊಳ್ಳಿ. ನಾಲ್ಕನೆಯ ಫೌಲ್ ಆಗಿ ತರಬೇತುದಾರರು ಹೊರಗೆ ಕರೆದಾಗ ಟವೆಲ್ ತಲೆಗೆ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂರುವವರಿದ್ದಾರೆ. ಒಳಗೆ ಹೋಗುತ್ತಿರುವವನನ್ನು ತಡೆದು, ‘ಹನ್ನೊಂದನೇ ನಂಬರಿನವನು ಎಡಕ್ಕೇ ನುಗ್ಗುತ್ತಾನೆ, ಅಲ್ಲಿ ಜಾಗ ಕೊಡಬೇಡ’ ಎಂದು ಹೇಳಿ ಕಳುಹಿಸುವವರೂ ಇದ್ದಾರೆ. ಎರಡನೆಯವನು ಎರಡು ಇಂಚು ಗಿಡ್ಡನಾದರೂ ನಾನು ಅವನನ್ನೇ ಆರಿಸುತ್ತೇನೆ. 12 ಮಂದಿಯ ತಂಡದಲ್ಲಿ 7 ಮಂದಿ ಯಾವಾಗಲೂ ಬೆಂಚಿನಲ್ಲೇ ಇರುವುದರಿಂದ, ಅಲ್ಲಿ ಮುನಿಸು ಹುಟ್ಟಿದರೆ ಅಭ್ಯಾಸವೇ ಕೆಡುತ್ತದೆ. ಹುಡುಗಿಯರ ತಂಡವನ್ನು ಆರಿಸುವಾಗಲೂ ನೋಡಬೇಕಾದದ್ದು ಇದನ್ನೇ.

ಅಂಕಪಟ್ಟಿಯನ್ನು ಟ್ರಯಲ್ಸ್‌ಗೆ ಮೊದಲೇ ತರಿಸಿಕೊಳ್ಳಿ. ಅಂಕ ಕಡಿಮೆಯಿದ್ದ ಮಾತ್ರಕ್ಕೆ ಕೈಬಿಡಬೇಕಾಗಿಲ್ಲ. ಯಾವ ವಿಷಯದಲ್ಲಿ, ಏಕೆ ಹಿಂದೆ ಬಿದ್ದೆ ಎಂದು ಕೇಳಿದಾಗ ನೇರವಾದ ಉತ್ತರ ಬರುತ್ತದೆಯೇ ಎಂಬುದು ಮುಖ್ಯ. ವಾಣಿಜ್ಯ ಓದಬೇಕೆಂದಿರುವ ವಿದ್ಯಾರ್ಥಿಯನ್ನು ಸೀಟು ಖಾಲಿಯಿದೆ ಎಂಬ ಕಾರಣಕ್ಕೆ ಬೇರೆ ಕೋರ್ಸಿಗೆ ದೂಡುವುದು ಅನ್ಯಾಯ, ಮತ್ತು ಅಂಥವರು ನಡುವೆಯೇ ಕಾಲೇಜು ಬಿಡುವ ಸಂಭವವೂ ಹೆಚ್ಚು. ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕಾಗಿರುವುದರಿಂದ, ಪಂದ್ಯಕ್ಕೆ ಹೋದ ದಿನಗಳ ಹಾಜರಾತಿ, ತಪ್ಪಿದ ಪಾಠ ಮತ್ತು ಇಂಟರ್ನಲ್ ಪರೀಕ್ಷೆಯ ವ್ಯವಸ್ಥೆಗೆ ಪ್ರಾಂಶುಪಾಲರ ಒಪ್ಪಿಗೆಯನ್ನು ಸೇರ್ಪಡೆಗೆ ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಆಮೇಲೆ ಮನೆಗೆ ಹೋಗಿ. ತುಳುವೋ, ಕೊಂಕಣಿಯೋ, ಬ್ಯಾರಿಯೋ, ಮನೆಮಾತು ಬಲ್ಲ ಸಹೋದ್ಯೋಗಿಯೊಬ್ಬರು ಜೊತೆಗಿದ್ದರೆ ಹೆತ್ತವರು ಸಂಕೋಚವಿಲ್ಲದೆ ಮಾತಾಡುತ್ತಾರೆ. ಅಪ್ಪ ಮಲ್ಪೆಯ ಬೋಟಿನಲ್ಲಿ ದುಡಿಯುವವರಾದರೆ, ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವಾಗ ಭೇಟಿಯಾಗುವುದು ಸುಲಭ. ಆಳಸಮುದ್ರಕ್ಕೆ ಹೋದ ದಿನಗಳಲ್ಲಿ ಅವರು ಸಿಗುವುದಿಲ್ಲ. ಶುಲ್ಕದಲ್ಲಿ ಎಷ್ಟು ರಿಯಾಯಿತಿ, ಹಾಸ್ಟೆಲ್ ಮತ್ತು ಮೆಸ್ ಖರ್ಚು ಯಾರದು ಎಂಬುದನ್ನು ಬಿಡಿಸಿ ಹೇಳಿ. ಮೊಣಕಾಲಿಗೆ ಪೆಟ್ಟಾಗಿ ಆಟ ನಿಂತರೆ ಈ ಸೌಲಭ್ಯ ಮುಂದುವರಿಯುತ್ತದೆಯೇ ಎಂಬ ಪ್ರಶ್ನೆಯನ್ನು ಅವರು ಎತ್ತದಿದ್ದರೂ ನೀವೇ ಎತ್ತಿ ಉತ್ತರಿಸಿ. ಮುಂದುವರಿಯುವುದಿಲ್ಲ ಎಂದಾದರೆ ಆಡಳಿತ ಮಂಡಳಿಯೊಂದಿಗೆ ಮಾತಾಡಿ ಅದನ್ನು ಸರಿಪಡಿಸಿಕೊಂಡೇ ಮನೆಯ ಮೆಟ್ಟಿಲು ಹತ್ತಿ.

ಆಯ್ಕೆಯಾಗದವರಿಗೂ ಉತ್ತರ ಕೊಡುವುದು ನಮ್ಮ ಹೊಣೆ. ಬೇರೆ ಕಾಲೇಜುಗಳ ಸೇರ್ಪಡೆ ಮುಗಿಯುವ ಮೊದಲೇ ಫೋನ್ ಮಾಡಿ, ಯಾವ ಅಂಶದಲ್ಲಿ ಸುಧಾರಿಸಬೇಕೆಂದು ತಿಳಿಸಿ, ಅವರಿಗೆ ಪಿಯುವಿನಲ್ಲಿ ಆಟ ಕಲಿಸಿದ ದೈಹಿಕ ಶಿಕ್ಷಣ ಉಪನ್ಯಾಸಕರಿಗೂ ಅದೇ ಮಾತನ್ನು ಹೇಳಿ.