ಮಗು ಬರ್ತಿದೆ ಅಂತ ಅಂಗಡಿಗೆ ಹೋಗೋ ಮುಂಚೆ: ಮೊದಲ ಮೂರು ತಿಂಗಳಿಗೆ ನಿಜವಾಗ್ಲೂ ಏನೇನು ಬೇಕು

ಸೀಮಂತ ಮುಗೀತಿದ್ದಂಗೆ ಎಲ್ಲರ ಮನೇಲೂ ಶುರುವಾಗೋ ಮಾತು ಇದೇ, ಮಗೂಗೆ ಏನೇನು ತಗೋಬೇಕು ಅಂತ. ಒಂದ್ಕಡೆ ಅಜ್ಜಿ ಹುಟ್ಟೋಕೆ ಮುಂಚೆ ಒಂದು ಕುಲಾವೀನೂ ತರಬಾರದು ಅಂತಾರೆ, ಇನ್ನೊಂದ್ಕಡೆ ಫೋನ್ ತೆಗೆದ್ರೆ ಸಾಕು ಅದು ಬೇಕು ಇದು ಬೇಕು ಅಂತ ತೋರಿಸ್ತಾನೇ ಇರತ್ತೆ. ನಾನು ಮೊದಲ್ನೇ ಮಗೂಗೆ ಬೆಂಗಳೂರಲ್ಲಿ ಒಂದೇ ಮಧ್ಯಾಹ್ನ 23 ಸಾವಿರ ಬಿಲ್ ಮಾಡ್ಸಿ, ಅಂಗಡಿಯವ್ರು ಕೊಟ್ಟ ಪಟ್ಟೀಲಿ ಇದ್ದಿದ್ದನ್ನೆಲ್ಲ ಹೊತ್ಕೊಂಡು ತೀರ್ಥಹಳ್ಳಿ ತವರಿಗೆ ಹೋದೆ. ಮೂರು ತಿಂಗಳ ಬಾಣಂತನದಲ್ಲಿ ದಿನಾ ಕೈಗೆ ಬಂದಿದ್ದು ಅಪ್ಪನ ಹಳೇ ಪಂಚೆ, ಎರಡು ರಬ್ಬರ್ ಶೀಟು, ಒಂದು ಸೊಳ್ಳೆ ಪರದೆ. ಬಾಟ್ಲಿ ಸ್ಟೆರಿಲೈಸರ್ ಡಬ್ಬ ಬಿಚ್ಚಲೇ ಇಲ್ಲ. ಎರಡನೇ ಮಗೂಗೆ ಹೊತ್ತಿಗೆ ಲೆಕ್ಕ ಗೊತ್ತಾಗಿತ್ತು, ಆ ಲೆಕ್ಕಾನೇ ಇಲ್ಲಿ ಬರೀತಿದ್ದೀನಿ.

ನಮ್ಮ ಸರ್ಕಾರ 2007ರಲ್ಲಿ ಮಡಿಲು ಕಿಟ್ ಅಂತ ಒಂದು ಯೋಜನೆ ಶುರು ಮಾಡಿತ್ತು, ಸರ್ಕಾರಿ ಆಸ್ಪತ್ರೇಲಿ ಹೆರಿಗೆ ಆದ ಬಡ ತಾಯಂದ್ರಿಗೆ 19 ಸಾಮಾನು ಇರೋ ಒಂದು ಬ್ಯಾಗು. ನಮ್ಮ ತವರಿನ ಪಕ್ಕದ ಮನೆ ಹುಡುಗಿ ಅದನ್ನ ತಂದು ಹಾಸಿಗೆ ಮೇಲೆ ಹರಡಿದಾಗ ನೋಡಿದ್ದೆ. ಸೊಳ್ಳೆ ಪರದೆ, ಬೆಡ್‌ಶೀಟು, ರಬ್ಬರ್ ಶೀಟು, ಮಗೂಗೆ ಸ್ವೆಟರ್, ಟೋಪಿ, ಸಾಕ್ಸು, ತಾಯಿಗೆ ಹೊಟ್ಟೆ ಕಟ್ಕೊಳ್ಳೋ ಬಟ್ಟೆ, ಪ್ಯಾಡು, ಸೋಪು, ಕೊಬ್ಬರಿ ಎಣ್ಣೆ. ನನಗೆ ಅನ್ಸಿದ್ದು, ಇದನ್ನ ಯಾರೋ ಬಾಣಂತನ ಮಾಡಿ ಗೊತ್ತಿರೋರೇ ಕೂತು ಬರೆದಿದ್ದಾರೆ ಅಂತ, ಯಾಕಂದ್ರೆ ಅದರಲ್ಲಿ ಹೆಚ್ಚುಕಮ್ಮಿ ಅರ್ಧ ತಾಯಿಗೆ. ಅಂಗಡಿ ಪಟ್ಟೀಲಿ ತಾಯಿಗೆ ಅಂತ ಒಂದು ಸಾಮಾನೂ ಇರಲಿಲ್ಲ.

ಮೊದಲು ಬಟ್ಟೆ ವಿಷಯ. ಹುಟ್ಟಿ ಒಂದು ವಾರ ಆದ್ಮೇಲೆ ಮಗು ದಿನಕ್ಕೆ ಆರು ಸಲಕ್ಕಿಂತ ಜಾಸ್ತಿ ಉಚ್ಚೆ ಹೊಯ್ಬೇಕು, ಹಾಲು ಸಾಕಾಗ್ತಿದೆ ಅನ್ನೋದಕ್ಕೆ ಅದೇ ಗುರುತು, ಜೊತೆಗೆ ಕಕ್ಕ ಬೇರೆ, ಅಂದ್ರೆ ದಿನಕ್ಕೆ 12ರಿಂದ 15 ಲಂಗೋಟಿ ಹೋಗತ್ತೆ. ಬಿಸಿಲಿರೋ ಊರಾದ್ರೆ 25 ಇದ್ರೆ ನಡೆಯತ್ತೆ, ಮಲೆನಾಡು ಕರಾವಳಿ ಕಡೆ ಮಳೆಗಾಲದ ಹೆರಿಗೆ ಆದ್ರೆ 40 ಬೇಕೇ ಬೇಕು, ನನ್ನ ಎರಡನೇ ಮಗು ಹುಟ್ಟಿದ್ದು ಜುಲೈನಲ್ಲಿ, ಎರಡು ದಿನ ಆದ್ರೂ ಬಟ್ಟೆ ಒಣಗ್ತಿರಲಿಲ್ಲ, ಬಚ್ಚಲೊಲೆ ಹತ್ರ ಹಗ್ಗ ಕಟ್ಟಿ ಒಣಗಿಸಿ ಆಮೇಲೆ ಇಸ್ತ್ರಿ ಮಾಡಿ ಹಾಕ್ತಿದ್ವಿ.

ಇದನ್ನ ದುಡ್ಡು ಕೊಟ್ಟು ತರೋದು ಬೇಡ. ನಾಕು ಮೊಳದ ಹಳೇ ಹತ್ತಿ ಪಂಚೆ ತಗೊಳ್ಳಿ, ಎಷ್ಟು ಸವೆದಿದ್ರೆ ಅಷ್ಟು ಒಳ್ಳೇದು. ಅಂಚಲ್ಲಿ ಕತ್ರೀಲಿ ಒಂದು ಸಣ್ಣ ಕಚ್ಚು ಹಾಕಿ ಎರಡೂ ಕೈಲಿ ಎಳೆದ್ರೆ ಚರ್ ಅಂತ ನೇರವಾಗಿ ಹರಿಯತ್ತೆ. ಉದ್ದಕ್ಕೆ ಮೂರು, ಅಡ್ಡಕ್ಕೆ ಎರಡು, ಒಂದೊಂದೂ ಸುಮಾರು 60 ಸೆಂಟಿಮೀಟರ್ ಚೌಕ, ಒಂದು ಪಂಚೆಗೆ ಆರು ಲಂಗೋಟಿ. ತ್ರಿಕೋನ ಮಡಚಿ ಕಟ್ಟಿದ್ರಾಯ್ತು, ಹೊಕ್ಕುಳಬಳ್ಳಿ ಬೀಳೋ ತನಕ ಗಂಟು ಅದರ ಕೆಳಗೇ ಇರ್ಲಿ, ಅಲ್ಲಿಗೆ ಗಾಳಿ ಆಡ್ಬೇಕು. ಒಂದು ವಿಷಯ ಮಾತ್ರ ಮರೀಬೇಡಿ. ಹರಿದ ಅಂಚಿನ ಬಿಡಿ ಎಳೆಗಳನ್ನ ಪೂರ್ತಿ ಕಿತ್ತು ತೆಗೀರಿ ಇಲ್ಲಾ ಅಂಚು ಹೊಲಿಸಿ, ಆ ಎಳೆ ಮಗೂನ ಕಾಲ್ಬೆರಳಿಗೆ ಸುತ್ಕೊಂಡು ಬಿಗಿದ್ರೆ ರಕ್ತ ಓಡಾಟ ನಿಂತು ಬೆರಳಿಗೇ ಅಪಾಯ ಆಗತ್ತೆ, ತಾಯಿ ತಲೆಕೂದಲಿಂದಾನೂ ಹಿಂಗೇ ಆಗೋದುಂಟು. ಮಗು ಸುಮ್ನೆ ಸುಮ್ನೆ ಅಳ್ತಿದ್ರೆ ಬೆರಳುಗಳನ್ನ ಒಂದ್ಸಲ ಬಿಡಿಸಿ ನೋಡಿ. ಹುಟ್ಟೋಕೆ ಮುಂಚೆ ಹೊಸದು ತರಬಾರದು ಅನ್ನೋ ಮನೆಗಳಲ್ಲಿ ಕೂಡ ಹಳೇ ಪಂಚೆ ಒಗೆದು ಬಿಸಿಲಿಗೆ ಹಾಕಿ ಇಟ್ಕೊಳ್ಳೋಕೆ ಯಾರೂ ಬೇಡ ಅನ್ನಲ್ಲ.

ರಾತ್ರಿಗೆ, ಆಸ್ಪತ್ರೆಗೆ ಹೋಗೋವಾಗ ಡಯಾಪರ್ ಹಾಕಿ, ತಪ್ಪೇನಿಲ್ಲ, ಮೂರು ನಾಕು ಗಂಟೆಗೊಂದ್ಸಲ ಬದಲಾಯಿಸಿ. ನ್ಯೂಬಾರ್ನ್ ಸೈಜಿಂದು ಒಂದೇ ಸಣ್ಣ ಪ್ಯಾಕೆಟ್ ಸಾಕು. ಜಬಲಾ ಆರು, ಮುಂದೆ ದಾರ ಕಟ್ಟೋದು, ತಲೆ ಮೇಲಿಂದ ಹಾಕೋದಲ್ಲ. ಕುಲಾವಿ ಎರಡು. ಇದಕ್ಕಿಂತ ಜಾಸ್ತಿ ತರಬೇಡಿ, ನಾಮಕರಣದ ದಿನ ಬರೋರೆಲ್ಲ ತರೋದು ಮೂರು ತಿಂಗಳೊಳಗಿನ ಬಟ್ಟೇನೇ, ಮಗು ಅದನ್ನ ಒಂದೊಂದ್ಸಲ ಹಾಕೋದ್ರೊಳಗೆ ಬೆಳೆದ್ಬಿಡತ್ತೆ. ಏನ್ ಕೊಡ್ಲಿ ಅಂತ ಕೇಳೋ ಅತ್ತೆ ಚಿಕ್ಕಮ್ಮಂದ್ರಿಗೆ ಸಂಕೋಚ ಇಲ್ದೆ ಹೇಳಿ, ಒಂದು ವರ್ಷದ ಅಳತೇದು ಕೊಡಿ ಅಂತ.

ಮಲಗೋಕೆ ತೊಟ್ಟಿಲು ಬಂಧುಗಳ ಮನೆ ಅಟ್ಟದಲ್ಲಿ ಒಂದಾದ್ರೂ ಇರತ್ತೆ, ಕೇಳಿ ತಂದು ಕೀಲು, ಸರಪಳಿ ಗಟ್ಟಿ ಇದೆಯಾ ನೋಡಿ, ಕಂಬಿ ನಡುವೆ ಮಗು ತಲೆ ಸಿಕ್ಕೋವಷ್ಟು ಜಾಗ ಇರಬಾರದು. ಹಾಸಿಗೆ ಮೆತ್ತಗಿರಬಾರದು, ಮಟ್ಟಸವಾಗಿ ಗಟ್ಟಿ ಇರ್ಬೇಕು, ಮಗೂನ ಬೆನ್ನ ಮೇಲೆ ಮಲಗಿಸ್ಬೇಕು. ದಿಂಬು ಬೇಡ, ಸಾಸಿವೆ ದಿಂಬೂ ಬೇಡ, ಸುತ್ತ ಇಡೋ ಉದ್ದ ದಿಂಬುಗಳೂ ಬೇಡ, ಮುಖಕ್ಕೆ ಒತ್ಕೊಂಡ್ರೆ ಅಷ್ಟು ಸಣ್ಣ ಮಗೂಗೆ ತಲೆ ಹೊರಳಿಸೋ ಶಕ್ತಿ ಇರಲ್ಲ. ಸೆಟ್ ಅಂತ ಮಾರೋ ಹಾಸಿಗೇಲಿ ಇವೆಲ್ಲ ಸೇರೇ ಬರತ್ತೆ, ತೆಗೆದು ಬೀರು ಒಳಗಿಡಿ. ರಬ್ಬರ್ ಶೀಟು ಎರಡು, ಅದರ ಮೇಲೆ ಹತ್ತಿ ಬಟ್ಟೆ, ಬರೀ ರಬ್ಬರ್ ಮೇಲೆ ಮಲಗಿಸಿದ್ರೆ ಬೆನ್ನೆಲ್ಲ ಬೆವರುಗುಳ್ಳೆ. ಕೊಡೆ ಥರ ಬಿಚ್ಚೋ ಸೊಳ್ಳೆ ಪರದೆ ಖಂಡಿತ ತಗೊಳ್ಳಿ, ಕಾಯಿಲು ಬತ್ತಿ ಹೊಗೆಗಿಂತ ಅದು ಎಷ್ಟೋ ಮೇಲು.

ಹಾಲಿನ ವಿಷಯಕ್ಕೆ ಬಂದ್ರೆ ಏನೂ ತಗೋಬೇಡಿ. ಆರು ತಿಂಗಳು ಎದೆಹಾಲು ಬಿಟ್ರೆ ನೀರು ಕೂಡ ಬೇಡ. ನಮ್ಮ ದೇಶದಲ್ಲಿ ಹಾಲಿನ ಪುಡಿ, ಹಾಲಿನ ಬಾಟ್ಲಿ ಜಾಹೀರಾತು ಮಾಡೋ ಹಂಗೇ ಇಲ್ಲ, 1992ರ ಕಾಯ್ದೆ ಅದಕ್ಕಂತಲೇ ಇದೆ, ಹಂಗಿದ್ರೂ ಹೆರಿಗೆ ಆದ ಎರಡನೇ ದಿನಕ್ಕೇ ಹಾಲು ಸಾಲಲ್ಲ ಅಂತ ನನ್ನ ಕೈಗೆ ಪುಡಿ ಡಬ್ಬದ ಚೀಟಿ ಕೊಟ್ಟಿದ್ರು. ಮೊದಲ ಎರಡು ಮೂರು ದಿನ ಹಾಲು ಸ್ವಲ್ಪಾನೇ ಬರೋದು, ಮಗೂನ ಹೊಟ್ಟೆನೂ ಅಷ್ಟೇ ಸಣ್ಣದು, ಪದೇ ಪದೇ ಕಚ್ಚಿಸ್ತಾ ಇದ್ರೆ ಹಾಲು ಇಳಿಯತ್ತೆ ಅಂತ ಹೇಳಿದ್ದು ಅಲ್ಲಿನ ಒಬ್ಬ ವಯಸ್ಸಾದ ನರ್ಸು, ಪಕ್ಕ ಕೂತು ಕಚ್ಚಿಸೋದು ತೋರಿಸ್ಕೊಟ್ಟೋರೂ ಅವರೇ. ತೂಕ ಕಮ್ಮಿ ಇರೋ ಮಗು, ತಾಯಿಗೆ ಹುಷಾರಿಲ್ಲ, ಇಂಥ ಕಾರಣಕ್ಕೆ ಡಾಕ್ಟ್ರು ಹಾಲಿನ ಪುಡಿ ಹೇಳಿದ್ರೆ ಕೊಡಿ, ಅದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ. ಆಗಲೂ ಬಾಟ್ಲಿಗಿಂತ ನಮ್ಮ ಸ್ಟೀಲ್ ಒಳಲೆ ವಾಸಿ, ಸಂದಿ ಇಲ್ಲ, ನಿಪ್ಪಲ್ ಇಲ್ಲ, ಕುದಿಯೋ ನೀರಲ್ಲಿ ಹಾಕಿ ತೆಗೆದ್ರೆ ಕ್ಲೀನು, ಮಗೂನ ತಲೆ ಎತ್ತಿ ಹಿಡ್ಕೊಂಡು ನಿಧಾನವಾಗಿ ಕುಡಿಸ್ಬೇಕು ಅಷ್ಟೆ. ಎದೆಹಾಲು ತೆಗೆಯೋ ಪಂಪು ಬೇಕಾಗೋದು ಕೆಲಸಕ್ಕೆ ವಾಪಸ್ ಹೋಗೋರಿಗೆ, ಅದೂ ಹೋಗೋಕೆ ಒಂದು ತಿಂಗಳ ಮುಂಚೆ ತಗೊಂಡ್ರಾಯ್ತು.

ಸ್ನಾನಕ್ಕೆ ಕೊಬ್ಬರಿ ಎಣ್ಣೆ, ಒಂದು ಮೈಲ್ಡ್ ಸೋಪು, ಎರಡು ಹಳೇ ಟವೆಲ್ಲು. ಪೌಡರ್ ಬೇಡ, ಅದರ ಧೂಳು ಶ್ವಾಸಕ್ಕೆ ಹೋಗತ್ತೆ. ಇಲ್ಲಿ ಮನೆ ಹಿರಿಯರ ಜೊತೆ ಸ್ವಲ್ಪ ಮಾತು ಬರತ್ತೆ, ನಮ್ಮಮ್ಮನ ಜೊತೇನೂ ಬಂತು. ಸಾಂಬ್ರಾಣಿ ಹೊಗೆ, ಕಣ್ಣಿಗೆ ಕಾಡಿಗೆ, ಬಜೆ ತೇಯ್ದು ನೆಕ್ಕಿಸೋದು, ಜೇನುತುಪ್ಪ. ಜೇನುತುಪ್ಪ ಒಂದು ವರ್ಷ ಆಗೋ ತನಕ ಮುಟ್ಟಿಸ್ಲೇಬಾರದು, ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೇ ಮಕ್ಕಳ ಕರುಳಲ್ಲಿ ಬೆಳೆದು ವಿಷ ಆಗತ್ತೆ. ಕಾಡಿಗೇಲಿ ಸೀಸ ಇರೋ ಸಾಧ್ಯತೆ ಇದೆ. ಅಮ್ಮಂಗೆ ನಾನು ಬೇಡ ಅಂತ ಜಗಳ ಆಡ್ಲಿಲ್ಲ, ಮೊದಲ ಲಸಿಕೆ ದಿನ ಜೊತೇಲಿ ಕರ್ಕೊಂಡು ಹೋಗಿ ಡಾಕ್ಟ್ರ ಬಾಯಲ್ಲೇ ಕೇಳ್ಸಿದೆ. ದೃಷ್ಟಿಬೊಟ್ಟು ಅಂಗಾಲಿಗೆ ಇಡೋದು ಅಂತ ಒಪ್ಪಂದ ಆಯ್ತು, ಅಮ್ಮಂಗೂ ಸಮಾಧಾನ.

ಔಷಧಿ ಡಬ್ಬೀಲಿ ಎರಡೇ ಇರ್ಲಿ. ಒಂದು ಡಿಜಿಟಲ್ ಥರ್ಮಾಮೀಟರ್, ಮೂರು ತಿಂಗಳೊಳಗಿನ ಮಗೂಗೆ 100.4 ಡಿಗ್ರಿ ಬಂತು ಅಂದ್ರೆ ರಾತ್ರಿ ಹನ್ನೆರಡು ಆದ್ರೂ ಆಸ್ಪತ್ರೆಗೆ ಹೊರಡಿ, ಮನೇಲಿ ಔಷಧಿ ಹಾಕಿ ಕಾಯಬೇಡಿ. ಇನ್ನೊಂದು ಡಾಕ್ಟ್ರು ಬರೆಯೋ ವಿಟಮಿನ್ ಡಿ ಹನಿ, ದಿನಕ್ಕೆ 400 ಯೂನಿಟ್, ಬಾಟ್ಲಿಯಿಂದ ಬಾಟ್ಲಿಗೆ ಸ್ಟ್ರಾಂಗ್ ಬೇರೆ ಬೇರೆ ಇರತ್ತೆ, ಹಂಗಾಗಿ ಎಷ್ಟು ಎಂಎಲ್ ಅಂತ ಡಾಕ್ಟ್ರ ಹತ್ರಾನೇ ಬಾಟ್ಲಿ ಮೇಲೆ ಬರೆಸ್ಕೊಳ್ಳಿ. ಹೊಕ್ಕುಳಿಗೆ ಅರಿಶಿನ, ಎಣ್ಣೆ ಏನೂ ಬೇಡ, ಒಣಗಿರ್ಲಿ, ಒಂದೆರಡು ವಾರದಲ್ಲಿ ತಾನೇ ಬೀಳತ್ತೆ.

ಉಳಿದ ದುಡ್ಡು ಬಾಣಂತಿ ಮೇಲೆ ಹಾಕಿ. ಮುಂದೆ ಜಿಪ್ ಇರೋ ಹತ್ತಿ ನೈಟಿ ನಾಕು, ದೊಡ್ಡ ಪ್ಯಾಡು ಮೂರು ನಾಕು ಪ್ಯಾಕೆಟ್, ಕೈಗೆ ಸಿಗೋ ಹಂಗೆ ಒಂದು ಫ್ಲಾಸ್ಕು, ಹಾಲು ಕುಡಿಸೋವಾಗ ಬೆನ್ನಿಗೆ ಒಂದು, ತೊಡೆ ಮೇಲೆ ಒಂದು ದಿಂಬು. ಬಾಣಂತಿ ನೀರು ಕುಡೀಬಾರದು ಅಂತ ಕೆಲವು ಮನೇಲಿ ಈಗ್ಲೂ ಅಂತಾರೆ, ದಯವಿಟ್ಟು ಕುಡಿಯೋಕೆ ಬಿಡಿ, ಹಾಲು ಕೊಡೋರಿಗೆ ಬಾಯಾರಿಕೆ ವಿಪರೀತ. ಅಪ್ಪ ಆಗೋರಿಗೆ ಒಂದು ಮಾತು, ರಾತ್ರಿ ಎರಡು ಗಂಟೆಗೆ ಎದ್ದು ಲಂಗೋಟಿ ಬದಲಾಯಿಸಿ ಫ್ಲಾಸ್ಕ್ ತುಂಬಿಸಿಡೋದು ಯಾವ ಅಂಗಡೀಲೂ ಸಿಗಲ್ಲ.

ದೊಡ್ಡ ಮೊತ್ತ ಹಾಕಲೇಬೇಕಾದ್ದು ಒಂದೇ, ಅದೂ ಸ್ವಂತ ಕಾರಿದ್ರೆ. ಹಿಂದಿನ ಸೀಟಲ್ಲಿ, ಮಗು ಹಿಂಬದಿಗೆ ಮುಖ ಮಾಡಿ ಕೂರೋ ಕಾರ್ ಸೀಟು. ಜೋರಾಗಿ ಬ್ರೇಕ್ ಹಾಕಿದ್ರೆ ಎಂಥ ಗಟ್ಟಿ ತೋಳಿನಿಂದಾನೂ ಮಗು ಜಾರತ್ತೆ. ಬೈಕಿಗೆ ಬೇರೆ ರೂಲ್ಸು, ಒಂಬತ್ತು ತಿಂಗಳಿಂದ ನಾಕು ವರ್ಷದ ಮಕ್ಕಳಿಗೆ ಹೆಲ್ಮೆಟ್ಟು, ಬೆಲ್ಟು ಎರಡೂ ಬೇಕು ಅಂತ 2022ರಲ್ಲಿ ಬಂದಿದೆ, ಅದಕ್ಕಿಂತ ಸಣ್ಣ ಮಗೂನ ಬೈಕಲ್ಲಿ ಕರ್ಕೊಂಡು ಹೋಗ್ಲೇಬೇಡಿ, ಆಟೋ ಮಾಡ್ಕೊಳ್ಳಿ.

ವಾಕರ್ ಯಾರಾದ್ರೂ ಕೊಟ್ರೂ ವಾಪಸ್ ಕೊಡಿ, ಕೆನಡಾದಲ್ಲಿ 2004ರಿಂದ ಮಾರೋದೇ ನಿಷೇಧ, ಮೆಟ್ಟಿಲಿಂದ ಉರುಳಿ ಬೀಳ್ತಾರೆ ಅಂತ. ಸ್ಟ್ರಾಲರ್ ನಿಮ್ಮನೆ ಮುಂದಿನ ಫುಟ್‌ಪಾತ್ ನೋಡಿ ನಿರ್ಧಾರ ಮಾಡಿ. ಆರನೇ ತಿಂಗಳಿಗೆ ಒಂದು ಸಣ್ಣ ಸ್ಟೀಲ್ ಬಟ್ಲು, ಚಮಚ ತಗೊಳ್ಳಿ, ಲಂಗೋಟಿ ಹರಿಯೋವಾಗ್ಲೇ ಒಂದು ತುಂಡು ಪಂಚೆ ಬೇರೆ ಎತ್ತಿಟ್ಟಿರಿ, ಮೊಳಕೆ ರಾಗಿ ಹಿಟ್ಟನ್ನ ಅದರಲ್ಲಿ ಸೋಸಿದ್ರೆ ಬರೋವಷ್ಟು ನುಣ್ಣಗಿನ ರಾಗಿ ಸರಿ ಯಾವ ಜರಡೀಲೂ ಬರಲ್ಲ.