ಎರಡನೇ ಅರ್ಧದಲ್ಲಿ ಸಿಕ್ಕಿಬೀಳುವ ರೈಡರ್

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಪಿ.ಟಿ. ಮಾಸ್ಟ್ರು. ಹುಡುಗಿಯರ ಕಬಡ್ಡಿ ತಂಡ ನನ್ನ ಜವಾಬ್ದಾರಿ. ಓದಿದ್ದು ಕಣ್ಣೂರು ವಿಶ್ವವಿದ್ಯಾನಿಲಯದಲ್ಲಿ. ವ್ಯಾಯಾಮ ಶರೀರಶಾಸ್ತ್ರ, ಬಯೋಮೆಕ್ಯಾನಿಕ್ಸ್ (ಮೈಯ ಚಲನೆ, ಸಮತೋಲಗಳ ಅಧ್ಯಯನ), ಕ್ರೀಡಾ ಮನೋವಿಜ್ಞಾನ, ಕ್ರೀಡಾ ಸಮಾಜಶಾಸ್ತ್ರ, ಎಲ್ಲವನ್ನೂ ಬೇರೆ ಬೇರೆಯಾಗಿಯೇ ಓದಿದೆ. 1964ರಲ್ಲಿ ಅಮೆರಿಕದ ಫ್ರಾಂಕ್ಲಿನ್ ಹೆನ್ರಿ ಅವರು ದೈಹಿಕ ಶಿಕ್ಷಣವೂ ಒಂದು ಸ್ವತಂತ್ರ ಅಧ್ಯಯನ ವಿಷಯ ಎಂದು ವಾದಿಸಿದ್ದರು. ಆಮೇಲೆ ಅದರ ಒಂದೊಂದು ಶಾಖೆಯೂ ತನ್ನದೇ ದಾರಿಯಲ್ಲಿ ಬೆಳೆಯಿತು. ಆದರೆ ಅಂಕಣಕ್ಕೆ ಇಳಿಯುವ ಹುಡುಗಿ ಒಬ್ಬಳೇ, ಅಲ್ವಾ?

ನಮ್ಮ ಮುಖ್ಯ ರೈಡರ್ ಮೊದಲರ್ಧದಲ್ಲಿ ಮಿಂಚುತ್ತಿದ್ದಳು. ಎರಡನೇ ಅರ್ಧದಲ್ಲಿ ಸುಲಭವಾಗಿ ಸಿಕ್ಕಿಬೀಳುತ್ತಿದ್ದಳು. "ಸ್ಟ್ಯಾಮಿನಾ ಸಾಲದು, ಚೆನ್ನಾಗಿ ಓಡಿಸಿ ಮಾಸ್ಟ್ರೇ" ಅಂತ ನೋಡಿದವರೆಲ್ಲ ಹೇಳಿದರು. ಓಡಿಸುವ ಮೊದಲು ಇದು ಯಾವ ವಿಷಯದ ಪ್ರಶ್ನೆ ಎಂದು ನೋಡಬೇಕೆನಿಸಿತು.

ಒಂದು ರೈಡ್ ಹೆಚ್ಚೆಂದರೆ 30 ಸೆಕೆಂಡ್. ಅದರಲ್ಲೂ ನಿಜವಾಗಿ ಜೋರಾಗಿ ನುಗ್ಗುವುದು, ತಪ್ಪಿಸಿಕೊಳ್ಳುವುದು ಕೆಲವೇ ಸೆಕೆಂಡ್. ಆ ಕ್ಷಣದ ಶಕ್ತಿ ಬರುವುದು ಹೆಚ್ಚಾಗಿ ಮಾಂಸಖಂಡದಲ್ಲಿರುವ ಫಾಸ್ಫೋಕ್ರಿಯೇಟಿನ್ ಎಂಬ, ತಕ್ಷಣ ಶಕ್ತಿ ಕೊಡುವ ರಾಸಾಯನಿಕದಿಂದ. ಅದು ಬೇಗ ಖಾಲಿಯಾಗುತ್ತದೆ, ಮತ್ತೆ ತುಂಬಲು ಕೆಲವು ನಿಮಿಷ ಬೇಕು. ನಾನು ನೋಟ್‌ಬುಕ್‌ನಲ್ಲಿ ಎರಡು ರೈಡ್‌ಗಳ ನಡುವಿನ ಸಮಯ ಬರೆದಿಟ್ಟೆ. ಪಂದ್ಯ ಬಿಗಿಯಾದಂತೆ ಅವಳನ್ನೇ ಮತ್ತೆ ಮತ್ತೆ ಕಳಿಸುವುದು ಕಂಡಿತು. ಇನ್ನೊಬ್ಬ ರೈಡರನ್ನು ತಯಾರು ಮಾಡಿದೆವು. ಮೈದಾನ ಸುತ್ತುವ ಓಟ ಕಡಿಮೆ ಮಾಡಿ, ಚಿಕ್ಕ ಓಟ, ನಡುವೆ ವಿಶ್ರಾಂತಿ ಎಂದು ಅಭ್ಯಾಸ ಬದಲಿಸಿದೆ.

ಇನ್ನೊಂದು ಸಂಗತಿ ಬೆವರು. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ. ಆರದಿದ್ದರೆ ಮೈ ತಂಪಾಗುವುದಿಲ್ಲ. ಆಟದ ಮೊದಲು ಮತ್ತು ನಂತರ ತೂಕ ನೋಡುವುದು ಸುಲಭದ ಪರೀಕ್ಷೆ. ಒಂದು ಕಿಲೋ ಇಳಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹೋಗಿದೆ ಎಂದರ್ಥ. ಮನೆಯವರ ಒಪ್ಪಿಗೆ ಪಡೆದು, ಈ ಕೆಲಸವನ್ನು ಒಬ್ಬ ಟೀಚರ್‌ಗೆ ವಹಿಸಿದೆ. ಬಾಗಿಲು ಹಾಕಿದ ಕೋಣೆ, ಯಾರ ತೂಕವನ್ನೂ ಗಟ್ಟಿಯಾಗಿ ಓದುವಂತಿಲ್ಲ. ಹದಿಹರೆಯದ ಹುಡುಗಿಯರ ಜೊತೆ ಈ ಎಚ್ಚರ ಇಲ್ಲದಿದ್ದರೆ ಅಳತೆಯೇ ಬೇಡ.

ಪಂದ್ಯದ ದಿನ ತೂಕ ಜಾಸ್ತಿ ಇಳಿಯುತ್ತಿತ್ತು. ಬಾಟಲಿಯಲ್ಲಿ ನೀರು ಹಾಗೇ ಉಳಿದಿರುತ್ತಿತ್ತು. ಯಾಕೆಂದು ಟೀಚರ್ ಮೆಲ್ಲಗೆ ಕೇಳಿದಾಗ ಗೊತ್ತಾಯಿತು: ಮೈದಾನದ ಹತ್ತಿರ ಸರಿಯಾದ ಶೌಚಾಲಯ ಇರುವುದಿಲ್ಲ, ಅದಕ್ಕೇ ಹುಡುಗಿಯರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ನನಗೆ ತುಂಬಾ ಬೇಸರವಾಯಿತು. ದಣಿವು ಕಂಡದ್ದು ಶರೀರಶಾಸ್ತ್ರದಲ್ಲಿ, ಅದರ ಬೇರು ಇದ್ದದ್ದು ಸಮಾಜಶಾಸ್ತ್ರದಲ್ಲಿ. ಎಷ್ಟು ಓಡಿಸಿದರೂ ಇದು ಸರಿಯಾಗುತ್ತಿರಲಿಲ್ಲ. ಈಗ ಪಂದ್ಯಕ್ಕೆ ಹೊರಡುವ ಮೊದಲು ಅಲ್ಲಿಯ ಶಿಕ್ಷಕರಿಗೆ ಫೋನ್ ಮಾಡಿ ಶೌಚಾಲಯದ ವಿಷಯ ಕೇಳುತ್ತೇನೆ. ಇಲ್ಲದಿದ್ದರೆ ಹತ್ತಿರದ ಮನೆಯವರನ್ನು ವಿನಂತಿಸುತ್ತೇವೆ. ಉಪ್ಪು ಹಾಕಿದ ಗಂಜಿ ತಿಳಿಯನ್ನೂ ಒಯ್ಯುತ್ತೇವೆ, ಮಕ್ಕಳಿಗೆ ಅದು ಸೇರುತ್ತದೆ.

ಬಯೋಮೆಕ್ಯಾನಿಕ್ಸ್‌ಗೆ ಮೊಬೈಲಿನ ಸ್ಲೋ ಮೋಷನ್ ಸಾಕಾಯಿತು. ದಣಿದಾಗ ಅವಳ ಸೊಂಟ ಮೇಲೇಳುತ್ತಿತ್ತು, ಹಿಡಿದರೆ ಬೇಗ ಸಮತೋಲ ತಪ್ಪುತ್ತಿತ್ತು. ಅದನ್ನು ತೋರಿಸಿದ ಕೂಡಲೇ ಅವಳಿಗೇ ಅರ್ಥವಾಯಿತು.

ಚಲನ ಕಲಿಕೆ ಎಂಬ ಶಾಖೆಯಿಂದ ಪಡೆದದ್ದು ಬೇರೆ ತರಹದ್ದು. 1979ರಲ್ಲಿ ಶೇ ಮತ್ತು ಮಾರ್ಗನ್ ಎಂಬ ಸಂಶೋಧಕರು ಕೈಚಲನೆಗಳಲ್ಲಿ ಒಂದನ್ನು ಪೂರ್ತಿ ಅಭ್ಯಾಸ ಮಾಡಿ ಆಮೇಲೆ ಇನ್ನೊಂದಕ್ಕೆ ಹೋದವರನ್ನೂ ಎಲ್ಲವನ್ನೂ ಬೆರೆಸಿ ಕಲಿತವರನ್ನೂ ಹೋಲಿಸಿದರು. ಬೆರೆಸಿದವರು ಅಭ್ಯಾಸದ ಹೊತ್ತಿಗೆ ಹಿಂದೆ ಬಿದ್ದರು, ಆಮೇಲಿನ ಪರೀಕ್ಷೆಯಲ್ಲಿ ಮುಂದೆ ಬಂದರು. ನಾನೂ ಕೈ ಟಚ್, ಕಾಲು ಟಚ್, ಬೋನಸ್ ಮೂರನ್ನೂ ಬೆರೆಸಿ ಹೇಳಿಕೊಡುತ್ತೇನೆ. ನೋಡುವವರಿಗೆ ಅಭ್ಯಾಸ ಕೆಟ್ಟಂತೆ ಕಾಣುತ್ತದೆ. ಅದಕ್ಕೇ ಅದೇ ದಿನ ತೀರ್ಮಾನಿಸದೆ, ಒಂದು ವಾರ ಬಿಟ್ಟು ಮತ್ತೆ ನೋಡಿ ಬರೆದಿಡುತ್ತೇನೆ. ಒಂದೇ ತಂಡದ ನೋಟ್‌ಬುಕ್ ಸಂಶೋಧನೆ ಆಗುವುದಿಲ್ಲ. ಆದರೂ ಮುಂದಿನ ವಾರ ಯಾರಿಗೆ ಏನು ಹೇಳಿಕೊಡಬೇಕು ಎಂಬುದಕ್ಕೆ ನನಗೆ ಅದು ಸಾಕಾಗುತ್ತದೆ.